ನಾಟಕಕರ್ತ್ರಿ ಲೊರೇನ್ ಹ್ಯಾನ್ಸ್‌ಬೆರಿ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಗುಲಾಮಗಿರಿಯು 1865ರಲ್ಲಿ ಶಾಸನದಿಂದ ಅಳಿಯಿತು. ಆದರೆ ಶಾಸನದಿಂದ ಅಳಿದುದು ಮನಸ್ಸಿನಿಂದಲೂ ಅಳಿಯಬೇಕೆಂಬ ನಿಯಮವೇನೂ ಇಲ್ಲವಷ್ಟೆ. ದಕ್ಷಿಣದ ಹತ್ತಿಯ ಹೊಲಗಳನ್ನೂ ಅಲ್ಲಿಯ ಹಿಂಸೆಯನ್ನೂ ತೊರೆದು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಲಕ್ಷಾಂತರ ಮಂದಿ ಕಪ್ಪು ಜನರು ಉತ್ತರದ ಕೈಗಾರಿಕಾ ನಗರಗಳಿಗೆ ವಲಸೆ ಬಂದರು. ಅಲ್ಲಿ ಅವರಿಗೆ ದುಡಿಮೆ ದೊರೆಯಿತು, ಮತದಾನದ ಹಕ್ಕು ದೊರೆಯಿತು. ಇಚ್ಛೆ ಬಂದೆಡೆ ಮನೆ ಮಾತ್ರ ದೊರೆಯಲಿಲ್ಲ. ಷಿಕಾಗೋ ನಗರದ ಬಿಳಿಯ ಮನೆಯೊಡೆಯರು ತಮ್ಮ ತಮ್ಮೊಳಗೆ ಕರಾರುಪತ್ರಗಳನ್ನು ಬರೆದುಕೊಂಡು, ತಮ್ಮ ಬೀದಿಯ ಯಾವ ಮನೆಯನ್ನೂ ಕಪ್ಪು ಜನರಿಗೆ ಮಾರಕೂಡದು, ಬಾಡಿಗೆಗೂ ಕೊಡಕೂಡದು ಎಂದು ಕಟ್ಟು ಮಾಡಿಕೊಂಡಿದ್ದರು. ಆ ಕರಾರುಗಳಲ್ಲಿ ಸಾಮಾನ್ಯವಾಗಿ ಒಂದು ವಿನಾಯಿತಿ ಇರುತ್ತಿದ್ದಿತು: ಮನೆಗೆಲಸದವರು, ಕಾರು ನಡೆಸುವವರು, ಕಟ್ಟಡ ನೋಡಿಕೊಳ್ಳುವ ಆಳುಗಳು ಇರಬಹುದು. ಸೇವಕನಾಗಿ ಬಂದವನಿಗೆ ತೆರೆಯುವ ಬಾಗಿಲು ಒಡೆಯನಾಗಿ ಬಂದವನಿಗೆ ಮುಚ್ಚಿರುತ್ತಿತ್ತು.

ಈ ಕರಾರಿನ ನೆರಳಿನಲ್ಲಿ ಬಾಲ್ಯವನ್ನು ಕಳೆದು, ಮುಂದೆ ಅದನ್ನೇ ವಸ್ತುವಾಗಿಸಿ ಅಮೆರಿಕದ ರಂಗಭೂಮಿಯಲ್ಲಿ ಶಾಶ್ವತ ಸ್ಥಾನ ಪಡೆದ ನಾಟಕವನ್ನು ರಚಿಸಿದವಳು ಲೊರೇನ್ ಹ್ಯಾನ್ಸ್‌ಬೆರಿ. ಬದುಕಿದುದು ಕೇವಲ 34 ವರ್ಷ; ಜೀವಿತಕಾಲದಲ್ಲಿ ರಂಗದ ಮೇಲೆ ಕಂಡುದು ಎರಡೇ ನಾಟಕ.

ಲೊರೇನ್ ಜನಿಸಿದುದು 1930ರ ಮೇ 19ರಂದು, ಷಿಕಾಗೋ ನಗರದಲ್ಲಿ. ನಾಲ್ವರು ಮಕ್ಕಳಲ್ಲಿ ಈಕೆಯೇ ಕೊನೆಯವಳು. ತಂದೆ ಕಾರ್ಲ್ ಹ್ಯಾನ್ಸ್‌ಬೆರಿ ಮಿಸಿಸಿಪಿಯಿಂದ ಬಂದವನು; ತಾಯಿ ನ್ಯಾನಿ ಪೆರಿ ಟೆನೆಸಿಯವಳು, ಉಪಾಧ್ಯಾಯಿನಿಯಾಗಿದ್ದವಳು. ಒಂದು ಬೇಸಗೆಯಲ್ಲಿ ತಾಯಿ ಮಕ್ಕಳನ್ನು ತವರಿಗೆ ಕರೆದೊಯ್ಯುವಾಗ ದಾರಿಯಲ್ಲಿ ಕೆಂಟಕಿಯ ಹಸಿರು ಬೆಟ್ಟಗಳನ್ನು ತೋರಿಸಿ, ತನ್ನ ತಂದೆ ಬಾಲಕನಾಗಿದ್ದಾಗ ಒಡೆಯನಿಂದ ತಪ್ಪಿಸಿಕೊಂಡು ಅಡಗಿದ್ದುದು ಅಲ್ಲಿಯೇ ಎಂದು ಹೇಳಿದಳಂತೆ. ಗುಲಾಮಗಿರಿಯೆಂಬುದು ಆ ಮಕ್ಕಳ ಪಾಲಿಗೆ ಚರಿತ್ರೆಯ ಪುಟವಾಗಿರಲಿಲ್ಲ, ಅಜ್ಜನ ಕಥೆಯಾಗಿತ್ತು.

ತಂದೆಯ ವ್ಯವಹಾರವನ್ನು ಇಲ್ಲಿ ಮರೆಮಾಚದೆ ಹೇಳಬೇಕು. ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಕಾರ್ಲ್ ಹ್ಯಾನ್ಸ್‌ಬೆರಿ ದೊಡ್ಡ ಮನೆಗಳನ್ನು ಹಿಡಿದು, ಅವನ್ನು ಚಿಕ್ಕ ಚಿಕ್ಕ ಕೋಣೆಗಳಾಗಿ ವಿಭಾಗಿಸಿ, ಒಂದೊಂದಕ್ಕೂ ಪುಟ್ಟ ಅಡಿಗೆಯ ಮೂಲೆಯನ್ನು ಇರಿಸಿ, ಬೇರೆಲ್ಲಿಯೂ ನೆಲೆ ಸಿಗದ ಕಪ್ಪು ಕುಟುಂಬಗಳಿಗೆ ಬಾಡಿಗೆಗೆ ಕೊಟ್ಟನು. ಇಂಥ ಬಿಡಾರಗಳಿಗೆ ಅಲ್ಲಿ ಕಿಚನೆಟ್ ಎಂದು ಹೆಸರು. ಕಾರ್ಲನಿಗೆ ಕಿಚನೆಟ್‌ಗಳ ರಾಜನೆಂಬ ಬಿರುದೇ ಬಂದಿತ್ತು. ಕರಾರುಪತ್ರಗಳು ಉಂಟುಮಾಡಿದ ಇಕ್ಕಟ್ಟಿನಿಂದಲೇ ಸಂಪಾದಿಸಿದ ಹಣದಿಂದ ಆತ ಕರಾರುಪತ್ರಗಳ ವಿರುದ್ಧವೇ ಹೋರಾಡಿದನು. ಇದು ವಿರೋಧಾಭಾಸವಲ್ಲ, ವಿರೋಧವೇ. ಮಗಳು ಮುಂದೆ ಬರೆದ ನಾಟಕವು ನಡೆಯುವುದು ಮನೆಯೊಡೆಯನ ಮನೆಯಲ್ಲಲ್ಲ, ಬಾಡಿಗೆದಾರನ ಇಕ್ಕಟ್ಟಾದ ಬಿಡಾರದಲ್ಲಿ ಎಂಬುದನ್ನು ಗಮನಿಸಿದರೆ ಆಕೆಗೆ ಈ ವಿರೋಧದ ಅರಿವಿದ್ದಿತೆಂದು ಊಹಿಸಬಹುದು.

ಆಕೆ ಐದು ವರ್ಷದವಳಿದ್ದಾಗ ಕ್ರಿಸ್‌ಮಸ್ ಉಡುಗೊರೆಯಾಗಿ ಬಿಳಿಯ ತುಪ್ಪುಳದ ಕೋಟೊಂದು ಬಂದಿತು. ಸುತ್ತಲಿನ ಮಕ್ಕಳಿಗೆ ಹೊಟ್ಟೆ ತುಂಬ ಊಟವೇ ಇಲ್ಲದ ಕಾಲ. ಕೋಟು ತೊಟ್ಟು ಶಾಲೆಗೆ ಹೋದ ಮಗುವಿಗೆ ಸಹಪಾಠಿಗಳು ಹೊಡೆದರು. ಹೊಡೆದವರ ಮೇಲೆ ಆಕೆಗೆ ದ್ವೇಷ ಹುಟ್ಟಲಿಲ್ಲ. ಆ ಕೋಟಿನ ಮೇಲೆ ಹುಟ್ಟಿತು. ತಂದೆ ತಾಯಿ ದುಡಿಯಲು ಹೋದಾಗ ಮನೆಯ ಬೀಗದ ಕೈಯನ್ನು ಕೊರಳಿಗೆ ಕಟ್ಟಿಕೊಂಡು ತಿರುಗುತ್ತಿದ್ದ ಬಡ ಮಕ್ಕಳೇ ಅಂದಿನಿಂದ ಆಕೆಗೆ ಆದರ್ಶರಾದರು.

ಶಾಲೆಯ ವಿಷಯವನ್ನು ಅಧ್ಯಾಪಕ ವರ್ಗದವರು ವಿಶೇಷವಾಗಿ ಗಮನಿಸಬೇಕು. ಬಿಳಿಯರ ಬಡಾವಣೆಗಳ ಶಾಲೆಗಳಲ್ಲಿ ಸ್ಥಳವಿದ್ದಾಗಲೂ ಕಪ್ಪು ಮಕ್ಕಳನ್ನು ಅಲ್ಲಿಗೆ ಸೇರಿಸದೆ, ಅವರದೇ ಕೇರಿಯ ಶಾಲೆಗಳಲ್ಲಿ ತುಂಬಿ, ಬೆಳಗಿನ ಒಂದು ತಂಡ, ಮಧ್ಯಾಹ್ನದ ಒಂದು ತಂಡವಾಗಿ ಪಾಠ ನಡೆಸುತ್ತಿದ್ದರು. ವಿಧಿಸಿದ ಶಿಕ್ಷಣದಲ್ಲಿ ಅರ್ಧವೇ ಈ ಮಕ್ಕಳಿಗೆ ಲಭಿಸುತ್ತಿದ್ದಿತು. ಖ್ಯಾತಿವಂತಳಾದ ಮೇಲೂ ಲೊರೇನ್ ತನಗೆ ಲೆಕ್ಕ ಸರಿಯಾಗಿ ಬರುವುದಿಲ್ಲವೆಂದು ಬಹಿರಂಗವಾಗಿ ಹೇಳಿಕೊಳ್ಳುತ್ತಿದ್ದಳು. ಕಳೆದ ಆ ಅರ್ಧ ದಿನಗಳನ್ನು ಯಾವ ಪ್ರಶಸ್ತಿಯೂ ತುಂಬಿಕೊಡಲಿಲ್ಲ.

ಮನೆಯಲ್ಲಿ ದೊರೆತುದು ಬೇರೆಯೇ ಬಗೆಯ ವಿದ್ಯೆ. ಪ್ರಾಚಾರ್ಯ ಡು ಬಾಯಿಸ್, ಗಾಯಕ ನಟ ಪಾಲ್ ರೋಬ್ಸನ್, ಕವಿ ಲ್ಯಾಂಗ್ಸ್‌ಟನ್ ಹ್ಯೂಸ್ ಮೊದಲಾದವರು ಆ ಮನೆಗೆ ಅತಿಥಿಗಳಾಗಿ ಬಂದವರು. ದೊಡ್ಡಪ್ಪ ವಿಲಿಯಂ ಲಿಯೋ ಹ್ಯಾನ್ಸ್‌ಬೆರಿ ಹೊವರ್ಡ್ ವಿಶ್ವವಿದ್ಯಾಲಯದಲ್ಲಿ ಆಫ್ರಿಕದ ಪ್ರಾಚೀನ ಇತಿಹಾಸದ ಅಧ್ಯಾಪಕ. ಆಫ್ರಿಕಕ್ಕೆ ಇತಿಹಾಸವೇ ಇಲ್ಲವೆಂದು ವಿದ್ವಾಂಸರೇ ಬರೆಯುತ್ತಿದ್ದ ಕಾಲದಲ್ಲಿ ಆ ಇತಿಹಾಸವನ್ನು ಬೋಧಿಸಿದವನು ಆತ. ಮುಂದೆ ನೈಜೀರಿಯ ದೇಶವು ತನ್ನ ನ್ಸುಕ್ಕ ವಿಶ್ವವಿದ್ಯಾಲಯದಲ್ಲಿ ಆತನ ಹೆಸರಿನ ಅಧ್ಯಯನ ಪೀಠವನ್ನು ಸ್ಥಾಪಿಸಿತು.

ಇನ್ನು ಮನೆಯ ಕಥೆ. 1937ರಲ್ಲಿ ಕಾರ್ಲ್ ಹ್ಯಾನ್ಸ್‌ಬೆರಿ ಬಿಳಿಯರ ಬಡಾವಣೆಯಾದ ವಾಷಿಂಗ್ಟನ್ ಪಾರ್ಕಿನ ರೋಡ್ಸ್ ಅವೆನ್ಯೂ ಬೀದಿಯಲ್ಲಿ 6140ನೆಯ ಸಂಖ್ಯೆಯ ಮನೆಯನ್ನು ಕೊಂಡನು. ಕರಾರು ಇದ್ದುದನ್ನು ಬಲ್ಲವನಾಗಿಯೇ, ಅದನ್ನು ಪ್ರಶ್ನಿಸಲೆಂದೇ ಕೊಂಡನು. ಸಂಸಾರ ಅಲ್ಲಿಗೆ ಹೋಗಿ ನೆಲೆಸುತ್ತಲೇ ಮನೆಯ ಮುಂದೆ ಗುಂಪು ನೆರೆಯಿತು. ಕಿಟಕಿಯ ಗಾಜನ್ನು ಒಡೆದುಕೊಂಡು ಒಳಬಿದ್ದ ಇಟ್ಟಿಗೆಯ ತುಂಡು ಏಳೆಂಟು ವರ್ಷದ ಲೊರೇನಳ ತಲೆಗೆ ಸ್ವಲ್ಪದರಲ್ಲಿ ತಪ್ಪಿತು. ಶಾಲೆಗೆ ಹೋಗಿ ಬರುವ ದಾರಿಯಲ್ಲಿ ಮಕ್ಕಳ ಮೇಲೆ ಉಗುಳುವುದು, ಬೈಯುವುದು, ಗುದ್ದುವುದು ನಿತ್ಯದ ಮಾತಾಯಿತು. ತಂದೆ ವಕೀಲರೊಡನೆ ನ್ಯಾಯಾಲಯದ ಕೆಲಸದಲ್ಲಿ ದೂರದಲ್ಲಿದ್ದ ರಾತ್ರಿಗಳಲ್ಲಿ ತಾಯಿ ಗುಂಡು ತುಂಬಿದ ಜರ್ಮನ್ ಪಿಸ್ತೂಲನ್ನು ಕೈಯಲ್ಲಿ ಹಿಡಿದು, ನಾಲ್ವರು ಮಕ್ಕಳು ಮಲಗಿದ ಮನೆಯನ್ನು ಬೆಳಗಾಗುವವರೆಗೆ ಸುತ್ತುತ್ತಿದ್ದಳು.

ನೆರೆಯವರು ದಾವೆ ಹೂಡಿದರು. ಇಲಿನಾಯ್ ರಾಜ್ಯದ ನ್ಯಾಯಾಲಯಗಳು ಹ್ಯಾನ್ಸ್‌ಬೆರಿ ಕುಟುಂಬವು ಮನೆಯನ್ನು ಬಿಟ್ಟು ಹೋಗಬೇಕೆಂದು ತೀರ್ಪಿತ್ತವು. ಮೊಕದ್ದಮೆಯು ದೇಶದ ಸರ್ವೋಚ್ಚ ನ್ಯಾಯಾಲಯಕ್ಕೆ ಏರಿತು. ಕಪ್ಪು ನ್ಯಾಯವಾದಿ ಅರ್ಲ್ ಡಿಕರ್ಸನ್ ಹ್ಯಾನ್ಸ್‌ಬೆರಿಯ ಪರವಾಗಿ ವಾದಿಸಿದನು. 1940ರ ನವೆಂಬರ್ 12ರಂದು ತೀರ್ಪು ಹೊರಬಿದ್ದು ಹ್ಯಾನ್ಸ್‌ಬೆರಿ ಗೆದ್ದನು.

ಗೆದ್ದನೆಂಬುದೇನೋ ನಿಜ, ಆದರೆ ಗೆದ್ದ ಬಗೆಯನ್ನು ಬಿಡಿಸಿ ನೋಡಬೇಕು. ಬೀದಿಯ ಮುಂಭಾಗದ ಲೆಕ್ಕದಲ್ಲಿ ನೂರಕ್ಕೆ 95ರಷ್ಟು ಮನೆಯೊಡೆಯರು ಸಹಿ ಹಾಕಿದರೆ ಮಾತ್ರ ಆ ಕರಾರು ಊರ್ಜಿತವಾಗಬೇಕಿತ್ತು. ವಾಸ್ತವವಾಗಿ ಬಿದ್ದಿದ್ದ ಸಹಿಗಳು ಸುಮಾರು 54ರಷ್ಟು. ಆದರೂ ಹಿಂದಿನ ಬೇರೊಂದು ದಾವೆಯಲ್ಲಿ ಉಭಯ ಪಕ್ಷದವರೂ 95 ಸಹಿಗಳಿವೆಯೆಂದು ಒಪ್ಪಿಕೊಂಡುಬಿಟ್ಟಿದ್ದರು. ಆ ಹಿಂದಿನ ತೀರ್ಪು, ಅದರಲ್ಲಿ ಪ್ರಾತಿನಿಧ್ಯವೇ ಇಲ್ಲದಿದ್ದ ಹ್ಯಾನ್ಸ್‌ಬೆರಿಯನ್ನು ಬಂಧಿಸಲಾರದೆಂದಷ್ಟೇ ಸರ್ವೋಚ್ಚ ನ್ಯಾಯಾಲಯ ಹೇಳಿತು. ಚರ್ಮದ ಬಣ್ಣವನ್ನು ನೋಡಿ ಮನೆ ನಿರಾಕರಿಸುವುದು ಸರಿಯೆ ತಪ್ಪೆ ಎಂಬ ಪ್ರಶ್ನೆಯನ್ನು ಅದು ಮುಟ್ಟಲಿಲ್ಲ. ಅಂಥ ಕರಾರುಗಳನ್ನು ನ್ಯಾಯಾಲಯಗಳು ಜಾರಿಗೊಳಿಸಕೂಡದೆಂಬ ತೀರ್ಪು ಬೇರೊಂದು ಮೊಕದ್ದಮೆಯಲ್ಲಿ ಬರಲು 1948 ಆಗಬೇಕಾಯಿತು.

ಅದನ್ನು ಕಾಣಲು ಕಾರ್ಲ್ ಉಳಿಯಲಿಲ್ಲ. ದೇಶದ ನ್ಯಾಯದಲ್ಲಿ ಅಷ್ಟು ವಿಶ್ವಾಸವಿಟ್ಟು ಹಣವನ್ನೂ ಆಯುಷ್ಯವನ್ನೂ ಸವೆಸಿದ ಆತ, ಕೊನೆಗೆ ಬೇಸತ್ತು ಮೆಕ್ಸಿಕೋ ದೇಶಕ್ಕೆ ಸಂಸಾರವನ್ನು ಸಾಗಿಸುವ ಸಿದ್ಧತೆಯಲ್ಲಿದ್ದಾಗ 1946ರಲ್ಲಿ ಅಲ್ಲಿಯೇ ತೀರಿಕೊಂಡನು. ಲೊರೇನಳಿಗೆ ಆಗ ಹದಿನಾರು ತುಂಬಿರಲಿಲ್ಲ. ತಂದೆಯನ್ನು ಕೊಂದುದರಲ್ಲಿ ವರ್ಣದ್ವೇಷಕ್ಕೂ ಪಾಲುಂಟೆಂಬುದು ಆಕೆಯ ಜೀವನದುದ್ದಕ್ಕೂ ಉಳಿದ ನಂಬಿಕೆ. ತಂದೆಯ ನ್ಯಾಯಾಲಯದ ಹೋರಾಟ, ತಾಯಿಯ ರಾತ್ರಿಯ ಕಾವಲು, ಇವೆರಡರಲ್ಲಿ ಮನೆಯನ್ನು ಉಳಿಸಿದುದು ಯಾವುದು ಎಂಬ ಪ್ರಶ್ನೆ ಆಕೆಯನ್ನು ಬಿಡಲಿಲ್ಲ.

1948ರಲ್ಲಿ ಆಕೆ ಮ್ಯಾಡಿಸನ್ ನಗರದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯವನ್ನು ಸೇರಿದಳು. ಚಿತ್ರಕಲೆಯಲ್ಲಿ ಆಸಕ್ತಿಯಿದ್ದಿತು, ಅದು ಕೈಗೂಡಲಿಲ್ಲ. ಆದರೆ ಅಲ್ಲಿ ಐರಿಷ್ ನಾಟಕಕಾರ ಷಾನ್ ಓಕೇಸಿಯ 'ಜೂನೋ ಅಂಡ್ ದ ಪೇಕಾಕ್' ಆಕೆಯ ಕಣ್ಣಿಗೆ ಬಿದ್ದಿತು. ಡಬ್ಲಿನ್ ನಗರದ ಒಂದು ಬಡ ಕುಟುಂಬ, ಬರಲಿರುವ ಆಸ್ತಿಯ ಆಸೆ, ಆ ಆಸೆಯ ಭಂಗ, ಎಲ್ಲವನ್ನೂ ಹೊತ್ತು ನಿಲ್ಲುವ ತಾಯಿ, ಇಷ್ಟೇ ಅದರ ಸಾಮಗ್ರಿ. ಐರ್ಲೆಂಡಿನ ಬಡವರ ಮಾತಿನ ಲಯವನ್ನು ಇದ್ದಂತೆಯೇ ರಂಗಕ್ಕೆ ತಂದು ಲೋಕವನ್ನೆಲ್ಲ ಅಳಿಸಬಹುದಾದರೆ ಷಿಕಾಗೋದ ದಕ್ಷಿಣ ಕೇರಿಯ ಮಾತು ಏಕಾಗಬಾರದು ಎಂಬ ಬೀಜ ಅಲ್ಲಿ ಬಿದ್ದಿತು.

ಪದವಿಯನ್ನು ಮುಗಿಸದೆಯೇ 1950ರಲ್ಲಿ ಆಕೆ ನ್ಯೂಯಾರ್ಕಿಗೆ ಬಂದಳು. ರೋಬ್ಸನ್ ನಡೆಸುತ್ತಿದ್ದ 'ಫ್ರೀಡಮ್' ಪತ್ರಿಕೆಯಲ್ಲಿ ಬೆರಳಚ್ಚಿನ ಕೆಲಸದಿಂದ ಸಹಸಂಪಾದಕತ್ವದವರೆಗೆ ದುಡಿದಳು. ರೋಬ್ಸನ್‌ನ ರಹದಾರಿಪತ್ರವನ್ನು ಸರಕಾರ ಕಸಿದುಕೊಂಡಿತ್ತಾದ್ದರಿಂದ 1952ರಲ್ಲಿ ಉರುಗ್ವೆಯ ಮೊಂಟೆವಿಡಿಯೋದಲ್ಲಿ ನಡೆದ ಶಾಂತಿ ಸಮ್ಮೇಳನಕ್ಕೆ ಆತನ ಪರವಾಗಿ ಈಕೆ ಹೋದಳು. ಹಿಂದಿರುಗಿದ ಮೇಲೆ ಈಕೆಯ ರಹದಾರಿಪತ್ರವೂ ಹೋಯಿತು. ಗೂಢಚಾರ ಇಲಾಖೆ ಆಕೆಯ ಹೆಸರಿನಲ್ಲಿ ಕಡತವೊಂದನ್ನು ತೆರೆದು ಜೀವನಪರ್ಯಂತ ಬೆಳೆಸಿತು.

1953ರ ಜೂನ್ 20ರಂದು ರಾಬರ್ಟ್ ನೆಮಿರಾಫ್ ಎಂಬ ಯಹೂದ್ಯ ತರುಣನೊಡನೆ ವಿವಾಹವಾಯಿತು. ಕಪ್ಪು ಕ್ರೀಡಾಪಟುಗಳನ್ನು ಹೊರಗಿಟ್ಟುದರ ವಿರುದ್ಧದ ಪ್ರತಿಭಟನೆಯಲ್ಲಿ ಇಬ್ಬರ ಪರಿಚಯವಾಗಿದ್ದಿತು. 1956ರಲ್ಲಿ ನೆಮಿರಾಫ್ ಸ್ನೇಹಿತನೊಡಗೂಡಿ ಬರೆದ ಹಾಡೊಂದು ಜನಪ್ರಿಯವಾಗಿ ಹಣ ತಂದುದರಿಂದ ಲೊರೇನ್ ಇತರ ಕೆಲಸಗಳನ್ನು ಬಿಟ್ಟು ಬರವಣಿಗೆಗೆ ಕುಳಿತಳು. ದಾಂಪತ್ಯವು ಬಹುಕಾಲ ಬಾಳಲಿಲ್ಲ. ಆಕೆಯ ಹೃದಯದ ಒಲವು ಸ್ತ್ರೀಯರ ಕಡೆಗಿದ್ದಿತೆಂಬುದು, ಪೂರ್ಣ ಹೆಸರನ್ನು ಮರೆಸಿ ಆಕೆ ಬರೆದ ಕೆಲವು ಪತ್ರಗಳಿಂದ ಇಂದು ತಿಳಿದಿದೆ. ಆ ಕಾಲದಲ್ಲಿ ಅದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. 1964ರಲ್ಲಿ ವಿಚ್ಛೇದನವಾಯಿತಾದರೂ ಸ್ನೇಹ ಅಳಿಯಲಿಲ್ಲ. ಆಕೆಯ ಹಸ್ತಪ್ರತಿಗಳನ್ನು ಕಾಪಾಡಿ ಲೋಕಕ್ಕೆ ಕೊಟ್ಟವನು ಈ ನೆಮಿರಾಫನೇ.

1957ರಲ್ಲಿ ನಾಟಕ ಪೂರ್ಣವಾಯಿತು. ಅದಕ್ಕೆ ಆಕೆ 'ಎ ರೇಸಿನ್ ಇನ್ ದ ಸನ್' ಎಂದು ಹೆಸರಿಟ್ಟಳು. ಮುಂದೂಡಲ್ಪಟ್ಟ ಕನಸಿನ ಗತಿ ಏನಾದೀತೆಂದು ಕೇಳುವ ಲ್ಯಾಂಗ್ಸ್‌ಟನ್ ಹ್ಯೂಸನ ಕವಿತೆಯಿಂದ ಬಂದ ಹೆಸರಿದು. ಬಿಸಿಲಿನ ಒಣದ್ರಾಕ್ಷಿ ಎಂದು ಶಬ್ದಶಃ ಕನ್ನಡಿಸಿದರೆ ನಮ್ಮ ವಿಜಯಪುರ ಸೀಮೆಯವರಿಗೆ ವರ್ಷದ ಫಸಲು ಕೈಗೆ ಬಂದ ಸಂತೋಷದ ನೆನಪಾದೀತು. ಕವಿಯ ಅಭಿಪ್ರಾಯ ಅದಲ್ಲ. ಸವಿಯಬೇಕಾದ ಕಾಲದಲ್ಲಿ ಸವಿಯಲಾಗದೆ ರಸ ಬತ್ತಿ ಸುಕ್ಕುಗಟ್ಟಿದ ಹಣ್ಣು ಅದು.

ಕಥಾವಸ್ತು ಸರಳವಾದುದು. ಷಿಕಾಗೋದ ದಕ್ಷಿಣ ಭಾಗದ ಕಿರಿದಾದ ಬಿಡಾರದಲ್ಲಿ ಯಂಗರ್ ಎಂಬ ಕಪ್ಪು ಕುಟುಂಬದ ಐವರು ವಾಸವಾಗಿದ್ದಾರೆ. ಸ್ನಾನದ ಮನೆ ಹೊರಗಿನ ಪಡಸಾಲೆಯಲ್ಲಿ, ನೆರೆಯವರೊಡನೆ ಸೇರಿ ಬಳಸಬೇಕಾದುದು. ಬಾಲಕ ಟ್ರಾವಿಸ್ ಮಲಗುವುದು ನಡುಮನೆಯ ಸೋಫಾದ ಮೇಲೆ. ತಾಯಿ ಲೀನಾ ವಿಧವೆ. ಮಗ ವಾಲ್ಟರ್ ಲೀ ಬಿಳಿಯನೊಬ್ಬನ ಕಾರು ನಡೆಸುವವನು; ಸೊಸೆ ರೂತ್ ಬಿಳಿಯರ ಮನೆಗೆಲಸದವಳು. ಮೇಲೆ ಹೇಳಿದ ಕರಾರುಗಳ ವಿನಾಯಿತಿಗೆ ಸರಿಯಾಗಿ ಹೊಂದುವ ಎರಡು ಕಾಯಕಗಳು ಇವು! ಮಗಳು ಬೆನೀತಾ ವೈದ್ಯಳಾಗಬೇಕೆಂದು ಓದುತ್ತಿರುವವಳು. ಸತ್ತ ಯಜಮಾನನ ಜೀವವಿಮೆಯ 10,000 ಡಾಲರು ಮನೆಗೆ ಬರಲಿದೆ. ಮಗನಿಗೆ ಮದ್ಯದಂಗಡಿ ತೆರೆಯುವ ಆಸೆ, ಮಗಳಿಗೆ ಓದಿನ ಆಸೆ, ತಾಯಿಗೆ ಮನೆಯ ಆಸೆ. ತಾಯಿ 3,500 ಡಾಲರು ಮುಂಗಡವಿತ್ತು ಕ್ಲೈಬರ್ನ್ ಪಾರ್ಕ್ ಎಂಬ ಬಡಾವಣೆಯಲ್ಲಿ ಮನೆ ಗೊತ್ತುಮಾಡುತ್ತಾಳೆ. ಬಡಾವಣೆ ಬಿಳಿಯರದು, ಅಲ್ಲಿಯೇ ಏಕೆ ಎಂದರೆ, ಕಪ್ಪು ಜನರಿಗಾಗಿ ಕಟ್ಟಿದ ಮನೆಗಳಿಗೆ ಬೆಲೆ ಎರಡರಷ್ಟು. ಉಳಿದ ಹಣವನ್ನು, ತಂಗಿಯ ಓದಿನ ಪಾಲನ್ನು ತೆಗೆದಿರಿಸಬೇಕೆಂದು ಹೇಳಿ, ಮಗನ ಕೈಗೆ ಕೊಡುತ್ತಾಳೆ. ಮಗನು ಅಷ್ಟನ್ನೂ ಗೆಳೆಯನ ಕೈಗಿತ್ತು ಕಳೆದುಕೊಳ್ಳುತ್ತಾನೆ.

ನಡುವೆ ಕಾರ್ಲ್ ಲಿಂಡ್ನರ್ ಎಂಬ ಬಿಳಿಯನು ಬಡಾವಣೆಯ ಸಂಘದ ಪರವಾಗಿ ಬರುತ್ತಾನೆ. ಈ ಪಾತ್ರವನ್ನು ಸೃಷ್ಟಿಸಿದ ರೀತಿಯಲ್ಲಿ ಕವಿಪ್ರತಿಭೆ ಇದೆ. ಆತ ಕೂಗಾಡುವುದಿಲ್ಲ, ಕಲ್ಲೆಸೆಯುವುದಿಲ್ಲ. ಟೋಪಿಯನ್ನು ಕೈಯಲ್ಲಿ ಹಿಡಿದು, ಸಂಕೋಚದಿಂದ, ಪರಸ್ಪರ ಹಿತದ ಮಾತನಾಡುತ್ತ, ನೀವು ಬರದಿದ್ದರೆ ಕೊಟ್ಟುದಕ್ಕಿಂತ ಹೆಚ್ಚು ಹಣ ಕೊಡುತ್ತೇವೆಂಬ ಪ್ರಸ್ತಾಪವನ್ನು ಮುಂದಿಡುತ್ತಾನೆ. ಇಟ್ಟಿಗೆ ಎಸೆದವರನ್ನು ಬಾಲ್ಯದಲ್ಲಿ ಕಂಡ ಲೇಖಕಿ ರಂಗದ ಮೇಲೆ ತಂದುದು ಇಟ್ಟಿಗೆ ಎಸೆಯದವನನ್ನು. ಹಣವೆಲ್ಲ ಹೋದ ಮೇಲೆ ವಾಲ್ಟರ್ ಆ ಪ್ರಸ್ತಾಪಕ್ಕೆ ಒಪ್ಪಲು ಸಿದ್ಧನಾಗಿ ಲಿಂಡ್ನರನನ್ನು ಕರೆಸುತ್ತಾನೆ. ತಾಯಿ ತಡೆಯುವುದಿಲ್ಲ, ಮೊಮ್ಮಗನನ್ನು ಅಲ್ಲಿಯೇ ನಿಲ್ಲಿಸಿ, ನೀನು ಮಾಡುವುದನ್ನು ನಿನ್ನ ಮಗ ನೋಡಲಿ ಎಂಬರ್ಥದಲ್ಲಿ ನುಡಿಯುತ್ತಾಳೆ. ಮಗನ ಕಣ್ಣೆದುರಿಗೆ ವಾಲ್ಟರ್‌ನಿಗೆ ತಂದೆಯ ದುಡಿಮೆಯನ್ನು ಮಾರಲು ಸಾಧ್ಯವಾಗುವುದಿಲ್ಲ. ಕುಟುಂಬವು ಗಂಟುಮೂಟೆ ಕಟ್ಟುತ್ತದೆ. ಕಿಟಕಿಯಲ್ಲಿ ಸಾಕಷ್ಟು ಬಿಸಿಲೂ ಸಿಗದೆ ಬದುಕಿದ್ದ ಸಣ್ಣ ಕುಂಡದ ಗಿಡವನ್ನು ಎತ್ತಿಕೊಂಡು ತಾಯಿ ಹೊರಡುತ್ತಾಳೆ.

ನಾಟಕವನ್ನು ಆಡಿಸಲು ಮುಂದೆ ಬಂದವನು ಫಿಲಿಪ್ ರೋಸ್. ಆತ ಅದುವರೆಗೆ ಒಂದು ನಾಟಕವನ್ನೂ ನಿರ್ಮಿಸಿದವನಲ್ಲ. ಬ್ರಾಡ್‌ವೇಯ ಧನಿಕರು ಕಪ್ಪು ಕುಟುಂಬದ ಗಂಭೀರ ನಾಟಕಕ್ಕೆ ಯಾರು ಬರುತ್ತಾರೆಂದು ಕೈಚೆಲ್ಲಿದರು. ಕಡೆಗೆ ನೂರಕ್ಕೂ ಮಿಕ್ಕ ಜನರಿಂದ ಸಣ್ಣ ಸಣ್ಣ ಮೊತ್ತಗಳನ್ನು ಕೂಡಿಸಿ ಬಂಡವಾಳ ಒದಗಿಸಲಾಯಿತು. ಹನಿಗೂಡಿ ಹಳ್ಳವಾದ ಹಣ! ನಿರ್ದೇಶಕ ಲಾಯ್ಡ್ ರಿಚರ್ಡ್ಸ್ ಕೂಡ ಕಪ್ಪು ಜನರವನೇ. ನ್ಯೂಯಾರ್ಕಿನಲ್ಲಿ ರಂಗಮಂದಿರ ಸಿಗದೆ ಮೊದಲು ನ್ಯೂಹೇವನ್, ಫಿಲಡೆಲ್ಫಿಯಾ ನಗರಗಳಲ್ಲಿ ಆಡಿದರು. ರಂಗಮಂದಿರಕ್ಕೆ ಎಂದೂ ಕಾಲಿಡದಿದ್ದ ಕಪ್ಪು ಜನರು ಗುಂಪು ಗುಂಪಾಗಿ ಬರತೊಡಗಿದರು. 1959ರ ಮಾರ್ಚ್ 11ರಂದು ಬ್ರಾಡ್‌ವೇಯ ಎಥೆಲ್ ಬ್ಯಾರಿಮೋರ್ ರಂಗಮಂದಿರದಲ್ಲಿ ಪ್ರಥಮ ಪ್ರಯೋಗವಾಯಿತು. ಪರದೆ ಬಿದ್ದ ಮೇಲೆ ಪ್ರೇಕ್ಷಕರು ಲೇಖಕಿಯನ್ನು ಕರೆಯುತ್ತ ಎದ್ದು ನಿಂತರು. ನಾಯಕ ಪಾತ್ರಧಾರಿ ಸಿಡ್ನಿ ಪಾಯ್ಟಿಯರ್ ಕೆಳಗಿಳಿದು ಆಕೆಯನ್ನು ರಂಗಕ್ಕೆ ಕರೆತಂದನು. ಕಪ್ಪು ಮಹಿಳೆಯೊಬ್ಬಳ ನಾಟಕ ಬ್ರಾಡ್‌ವೇಯನ್ನು ಏರಿದುದು ಅದೇ ಮೊದಲು. 530 ಪ್ರಯೋಗಗಳಾದವು. ಆ ವರ್ಷದ ನ್ಯೂಯಾರ್ಕ್ ನಾಟಕ ವಿಮರ್ಶಕರ ಪ್ರಶಸ್ತಿಯೂ ಅದಕ್ಕೇ ಸಂದಿತು. ಅದುವರೆಗೆ ಅದನ್ನು ಪಡೆದ ಅಮೆರಿಕನ್ನರಲ್ಲಿ ಆಕೆಯೇ ಅತ್ಯಂತ ಕಿರಿಯಳು. ಕಪ್ಪು ಲೇಖಕರಲ್ಲಿ ಮೊದಲಿಗಳು.

ಇಷ್ಟು ಹೊಗಳಿಕೆಯ ನಡುವೆ ಒಂದು ಅಪಾರ್ಥವೂ ಬೆಳೆಯಿತು. ಕುಟುಂಬಕ್ಕೆ ಮನೆ ಸಿಕ್ಕಿತು, ಎಲ್ಲವೂ ಸುಖಾಂತವಾಯಿತು ಎಂದು ಬಿಳಿಯ ಪ್ರೇಕ್ಷಕರು ಕಣ್ಣೊರಸಿಕೊಂಡು ಮನೆಗೆ ಹೋದರು. ಕೆಲವು ವಿಮರ್ಶಕರೂ ಹಾಗೆಯೇ ಬರೆದರು. ಆದರೆ ಪರದೆ ಬಿದ್ದ ಮೇಲೆ ಯಂಗರ್ ಕುಟುಂಬ ಹೋಗುತ್ತಿರುವುದು ಎಲ್ಲಿಗೆ? ರೋಡ್ಸ್ ಅವೆನ್ಯೂ ಬೀದಿಯ ಗಾಜೊಡೆದ ಕಿಟಕಿಯ ಬಳಿಗೆ. ಪಿಸ್ತೂಲು ಹಿಡಿದ ತಾಯಿಯ ರಾತ್ರಿಗಳಿಗೆ. ಮೂಲಪ್ರತಿಯಲ್ಲಿ ಮಿಸೆಸ್ ಜಾನ್ಸನ್ ಎಂಬ ನೆರೆಯಾಕೆ ಬಂದು, ಬಿಳಿಯರ ಬಡಾವಣೆಗೆ ಹೋದ ಕಪ್ಪು ಕುಟುಂಬದ ಮನೆಗೆ ಬಾಂಬು ಹಾಕಿದ ವಾರ್ತೆಯುಳ್ಳ ಪತ್ರಿಕೆಯನ್ನು ತೋರಿಸುವ ದೃಶ್ಯವೊಂದಿದ್ದಿತು. ಪ್ರಯೋಗ ದೀರ್ಘವಾಗುತ್ತದೆಂದು ಅದನ್ನು ಕೈಬಿಟ್ಟಿದ್ದರು. ಇಪ್ಪತ್ತೈದು ವರ್ಷಗಳ ತರುವಾಯ ನಡೆದ ಪುನಃಪ್ರಯೋಗಗಳಲ್ಲಿ ಅದನ್ನು ಮರಳಿ ಸೇರಿಸಲಾಯಿತು. ಬಿಟ್ಟುದು ಒಂದು ಹಾಸ್ಯಪ್ರಾಯವಾದ ದೃಶ್ಯವೆಂದು ತೋರಬಹುದು. ನಾಟಕದ ಭಯವೆಲ್ಲ ಅಡಗಿದ್ದುದು ಅದರಲ್ಲಿ.

1963ರ ಮೇ 24ರಂದು ದೇಶದ ನ್ಯಾಯಾಂಗ ಸಚಿವ ರಾಬರ್ಟ್ ಕೆನಡಿ ಕೆಲವು ಕಪ್ಪು ಪ್ರಮುಖರನ್ನು ಮಾತುಕತೆಗೆ ಕರೆದಾಗ ಲೇಖಕ ಜೇಮ್ಸ್ ಬಾಲ್ಡ್‌ವಿನ್ನನ ಜೊತೆ ಈಕೆಯೂ ಹೋಗಿದ್ದಳು. ದಕ್ಷಿಣದಲ್ಲಿ ಪೆಟ್ಟು ತಿಂದು ಬಂದಿದ್ದ ಜೆರೋಮ್ ಸ್ಮಿತ್ ಎಂಬ ತರುಣನ ಮಾತಿಗೆ ಸಚಿವನು ಕಿವಿಗೊಡದಿದ್ದುದನ್ನು ಕಂಡು, ಈ ಕೊಠಡಿಯಲ್ಲಿ ಕೇಳಬೇಕಾದ ಮಾತು ಆತನದೊಂದೇ ಎಂಬರ್ಥದಲ್ಲಿ ನುಡಿದು, ಎದ್ದು ಹೊರನಡೆದಳು. ಅದೇ ವರ್ಷ ಆಕೆಗೆ ಮೇದೋಜೀರಕಾಂಗದ ಕ್ಯಾನ್ಸರ್ ಇರುವುದು ತಿಳಿದುಬಂದಿತು.

ಮರುವರ್ಷ ಮೇ 1ರಂದು, ರೋಗಶಯ್ಯೆಯಿಂದ ಎದ್ದು ಬಂದು, ಬರವಣಿಗೆಯ ಸ್ಪರ್ಧೆಯಲ್ಲಿ ಗೆದ್ದ ಕಪ್ಪು ವಿದ್ಯಾರ್ಥಿಗಳನ್ನು ಕುರಿತು ಭಾಷಣ ಮಾಡಿದಳು. ಯೌವನ, ಪ್ರತಿಭೆ, ಕಪ್ಪು ಬಣ್ಣ ಈ ಮೂರೂ ಕೂಡಿರುವುದು ಒಂದು ಭಾಗ್ಯವೆಂದು ಆ ಮಕ್ಕಳಿಗೆ ತಿಳಿಸಿದಳು. ಬಣ್ಣವನ್ನು ಕೊರತೆಯ ಪಟ್ಟಿಯಿಂದ ತೆಗೆದು ಸಂಪತ್ತಿನ ಪಟ್ಟಿಗೆ ಸೇರಿಸಿದುದು ಅಂದಿಗೆ ಸಾಮಾನ್ಯ ಮಾತಲ್ಲ. ಗೆಳತಿ ನೀನಾ ಸಿಮೋನ್ 1969ರಲ್ಲಿ ಅದನ್ನೇ ಹಾಡಾಗಿಸಿದಳು.

ಎರಡನೆಯ ನಾಟಕ 'ದ ಸೈನ್ ಇನ್ ಸಿಡ್ನಿ ಬ್ರೂಸ್ಟೈನ್ಸ್ ವಿಂಡೋ' 1964ರ ಅಕ್ಟೋಬರ್ 15ರಂದು ರಂಗಕ್ಕೆ ಬಂದಿತು. ನಾಯಕನು ಬಿಳಿಯ, ಕಪ್ಪು ಲೇಖಕಿ ಬಿಳಿಯನ ಕಥೆಯನ್ನು ಏಕೆ ಬರೆದಳೆಂದು ಹಲವರು ಹುಬ್ಬೇರಿಸಿದರು. ಬಿಳಿಯರು ಕಪ್ಪು ಜನರ ಬಗೆಗೆ ಬರೆದಾಗ ಯಾರೂ ಈ ಪ್ರಶ್ನೆ ಕೇಳಿರಲಿಲ್ಲವೆಂಬುದನ್ನು ನೆನೆಯಬೇಕು. ನಾಟಕ ನಿಲ್ಲುವಂತಾದಾಗ ಕಲಾವಿದರೂ ಅಭಿಮಾನಿಗಳೂ ಸ್ವಂತ ಹಣ ಹಾಕಿ ಜಾಹೀರಾತು ಕೊಟ್ಟು ಅದನ್ನು 101 ಪ್ರಯೋಗಗಳವರೆಗೆ ನಡೆಸಿದರು. 1965ರ ಜನವರಿ 12ರಂದು ಲೊರೇನ್ ತೀರಿಕೊಂಡಳು. ನಾಟಕವೂ ಅಲ್ಲಿಗೆ ನಿಂತಿತು. ಹಾರ್ಲೆಮ್ ಕೇರಿಯ ಚರ್ಚಿನಲ್ಲಿ, ಹಿಮ ಸುರಿಯುತ್ತಿದ್ದ ದಿನ, ಆಕೆಯ ಬಾಲ್ಯದಲ್ಲಿ ತಂದೆಯ ಅತಿಥಿಯಾಗಿದ್ದ ಪಾಲ್ ರೋಬ್ಸನ್ ನಿಂತು ಶ್ರದ್ಧಾಂಜಲಿ ಸಲ್ಲಿಸಿದನು. ನ್ಯೂಯಾರ್ಕಿನ ಉತ್ತರಕ್ಕೆ ಹಡ್ಸನ್ ನದಿಯ ದಡದ ಕ್ರೋಟನ್ ಗ್ರಾಮದಲ್ಲಿ, ಆಕೆ ತನ್ನ ಸಂಪಾದನೆಯಿಂದ ಕೊಂಡಿದ್ದ ಮನೆಯಿರುವ ಊರಿನಲ್ಲಿಯೇ, ಸಮಾಧಿ ಇದೆ.

ಉಳಿದ ಹಸ್ತಪ್ರತಿಗಳಲ್ಲಿ ಆಫ್ರಿಕದ ಸ್ವಾತಂತ್ರ್ಯ ಹೋರಾಟವನ್ನು ಕುರಿತ 'ಲೆ ಬ್ಲಾಂ' ನಾಟಕವನ್ನು ನೆಮಿರಾಫ್ ಪೂರ್ಣಗೊಳಿಸಿ 1970ರಲ್ಲಿ ರಂಗಕ್ಕೆ ತಂದನು. ಷಿಕಾಗೋ ನಗರಸಭೆಯು 2010ರಲ್ಲಿ ರೋಡ್ಸ್ ಅವೆನ್ಯೂ ಬೀದಿಯ 6140ನೆಯ ಸಂಖ್ಯೆಯ ಇಟ್ಟಿಗೆಯ ಮನೆಯನ್ನು ಸಂರಕ್ಷಿತ ಸ್ಮಾರಕಗಳ ಪಟ್ಟಿಗೆ ಸೇರಿಸಿತು.